ಪಾದರಸದ ಲೆಕ್ಕ

ನಾನು ಸಣ್ಣವನಿದ್ದಾಗ ನಮ್ಮ ಮನೆ ಬಾಗಲಕೋಟೆಯ ಹಳೆಯ ಊರಿನಲ್ಲಿತ್ತು. ಒಂದು ಸಲ ತಂಗಿಗೆ ಜ್ವರ ಬಂದಿತ್ತು. ಜ್ವರ ನೋಡುವ ಗಾಜಿನ ಕಡ್ಡಿಯನ್ನು ದೊಡ್ಡವರಂತೆ ಜಾಡಿಸಲು ಹೋಗಿ ನಾನು ಅದನ್ನು ಫರಸಿಯ ಮೇಲೆ ಕೆಡವಿಬಿಟ್ಟೆ. ಗಾಜು ಒಡೆದ ಅಂಜಿಕೆ ಒಂದು ಗಳಿಗೆ ಮಾತ್ರ. ಒಳಗಿನಿಂದ ಉರುಳಿಬಂದ ಬೆಳ್ಳಿಯ ಮಣಿಗಳನ್ನು ಕಂಡು ಮನೆಯ ಹುಡುಗರೆಲ್ಲ ಕುಣಿದಾಡಿದೆವು. ಬೆರಳಿನಿಂದ ಒತ್ತಿದರೆ ಒಂದು ಮಣಿ ಹತ್ತಾಗುತ್ತಿತ್ತು. ಹತ್ತನ್ನು ದೂಡಿ ಕೂಡಿಸಿದರೆ ಮತ್ತೆ ಒಂದಾಗುತ್ತಿತ್ತು. ನಮ್ಮ ಅಜ್ಜಿಯೊಬ್ಬಳೇ ಆ ಆಟಕ್ಕೆ ಮರುಳಾಗಲಿಲ್ಲ. ಹೊರಸಿನ ಕೆಳಗೆ ಬಗ್ಗಿ ನೋಡುತ್ತ, "ಎಲ್ಲಾ ಸಿಕ್ಕಿತೇನು? ಕಡೀ ಮಣಿ ಎಲ್ಲಿ ಹೋತು?" ಎಂದು ಕೇಳುತ್ತಲೇ ಇದ್ದಳು. ಕಡೆಯ ಮಣಿ ಸಿಗಲಿಲ್ಲ. ಅದು ಫರಸಿಯ ಸಂದಿನಲ್ಲಿ ಇಳಿದುಹೋಗಿತ್ತು.

ಮುಂದೆ ಆಲಮಟ್ಟಿ ಜಲಾಶಯದ ಹಿನ್ನೀರು ಊರಿಗೆ ಬಂತು. ನಾವು ಆ ಮನೆಯನ್ನು ಬಿಟ್ಟು ವಿದ್ಯಾಗಿರಿಯ ದಿನ್ನೆಗೆ ಬಂದೆವು. ಮನೆ ಹೋಯಿತು, ಫರಸಿ ಹೋಯಿತು; ಆದರೆ ಆ ಮಣಿ ಹೋಗಿಲ್ಲ. ಪಾದರಸವು ಸುಡುವ ವಸ್ತುವಲ್ಲ, ಕೊಳೆಯುವ ವಸ್ತುವಲ್ಲ. ಅದು ಮೂಲವಸ್ತು. ಆವಿಯಾದೀತು, ಬೇರೊಂದು ವಸ್ತುವಿನೊಡನೆ ಕೂಡೀತು, ಮಣ್ಣಿಗೋ ನೀರಿಗೋ ಇಳಿದೀತು, ಇಲ್ಲವಾಗಲಾರದು. ಆದುದರಿಂದ ಪಾದರಸದ ವಿಷಯದಲ್ಲಿ ಕೇಳತಕ್ಕ ಪ್ರಶ್ನೆ ಅಜ್ಜಿ ಕೇಳಿದ ಪ್ರಶ್ನೆಯೇ: ಕಡೆಯ ಮಣಿ ಎಲ್ಲಿ ಹೋಯಿತು?

ಈ ಹೊತ್ತು ಈ ಮಾತನ್ನು ತೆಗೆಯಲು ಕಾರಣವಿದೆ. ನೆಲದಾಳದಿಂದ ಬರುವ ನೈಸರ್ಗಿಕ ಅನಿಲ ಈಗ ನಮ್ಮ ಕನ್ನಡನಾಡಿಗೂ ಕೊಳವೆಯ ದಾರಿಯಿಂದ ಬರುತ್ತಿದೆ. ಕೊಂಕಣದ ಕಡಲ ದಂಡೆಯ ದಾಭೋಳದಿಂದ ಹೊರಟ ಕೊಳವೆ ಬೆಳಗಾವಿ, ಧಾರವಾಡ, ಗದಗ ಜಿಲ್ಲೆಗಳನ್ನು ಹಾದು 2013ರಲ್ಲಿ ಬೆಂಗಳೂರನ್ನು ಮುಟ್ಟಿತು. ಕೊಚ್ಚಿಯಿಂದ ಕಾಸರಗೋಡಿನ ಮೇಲೆ ಹಾದು ಮಂಗಳೂರಿಗೆ ಬರುವ ಇನ್ನೊಂದು ಕೊಳವೆ 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಅಡಿಗೆಮನೆಯಲ್ಲಿ ಸಿಲಿಂಡರಿನಿಂದ ಉರಿಯುವುದು ಪ್ರೊಪೇನ್ ಮತ್ತು ಬ್ಯೂಟೇನ್ ಎಂಬ ಬೇರೆ ಅನಿಲ. ಈ ಕೊಳವೆಗಳಲ್ಲಿ ಹರಿಯುವುದು ಬಹುಮಟ್ಟಿಗೆ ಮೀಥೇನ್. ಭೂಮಿಯೊಳಗೆ ಹುಟ್ಟುವಾಗ ಇದರ ಜೊತೆಗೆ ನೀರು, ಇಂಗಾಲಾಮ್ಲ, ಗಂಧಕದ ಅನಿಲ ಮೊದಲಾದವು ಇರುವುದನ್ನು ಎಲ್ಲರೂ ಬಲ್ಲರು. ಆದರೆ ಅನೇಕ ಕಡೆ ಇದರೊಳಗೆ ಪಾದರಸದ ಆವಿಯೂ ಇರುತ್ತದೆ ಎಂಬುದು ಬಹು ಜನಕ್ಕೆ ತಿಳಿಯದ ಸಂಗತಿ.

ಅದು ಅಲ್ಲಿಗೆ ಹೇಗೆ ಬಂತು? ಆಳದ ಕಲ್ಲು, ಕಲ್ಲಿದ್ದಲು, ಕೆಸರುಗಲ್ಲುಗಳಲ್ಲಿ ಪಾದರಸದ ಕಣಗಳು ಎಷ್ಟೋ ಕಾಲದಿಂದ ಸೇರಿಕೊಂಡಿವೆ. ಭೂಗರ್ಭದ ಶಾಖಕ್ಕೆ ಅವು ಆವಿಯಾಗಿ ಅನಿಲದೊಡನೆ ಮೇಲಕ್ಕೇರಿ ಅದೇ ಬಲೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಎಲ್ಲ ಬಾವಿಗಳಲ್ಲಿಯೂ ಸಮನಾಗಿಲ್ಲ. ಕೆಲವು ಕಡೆ ಒಂದು ಘನಮೀಟರು ಅನಿಲದಲ್ಲಿ ಒಂದು ಮೈಕ್ರೋಗ್ರಾಂ ಕೂಡ ಇರುವುದಿಲ್ಲ. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು. ಹಾಲೆಂಡಿನಲ್ಲಿ 1959ರಲ್ಲಿ ಸಿಕ್ಕ ಗ್ರೋನಿಂಗನ್ ಎಂಬ ದೊಡ್ಡ ನಿಧಿಯಲ್ಲಿ ಸುಮಾರು 180 ಮೈಕ್ರೋಗ್ರಾಂ ಕಂಡಿತು. ಥೈಲೆಂಡಿನ ಕೊಲ್ಲಿಯ ಕೆಲವು ಬಾವಿಗಳಲ್ಲಿ ನೂರಾರು, ಉತ್ತರ ಜರ್ಮನಿಯ ಕೆಲವು ಬಾವಿಗಳಲ್ಲಿ ಸಾವಿರಾರು.

"ಮೈಕ್ರೋಗ್ರಾಮೇ! ಅದಕ್ಕೆ ಇಷ್ಟು ಗದ್ದಲವೇ?" ಎಂದು ನೀವು ಕೇಳಬಹುದು. ಒಂದು ಸಣ್ಣ ಲೆಕ್ಕ ಹಾಕೋಣ. ಘನಮೀಟರಿಗೆ 100 ಮೈಕ್ರೋಗ್ರಾಂ ಇರುವ ಅನಿಲವನ್ನು ಒಂದು ಸ್ಥಾವರವು ದಿನಕ್ಕೆ ಒಂದು ಕೋಟಿ ಘನಮೀಟರು ಶುದ್ಧಮಾಡುತ್ತದೆ ಎಂದು ಇಟ್ಟುಕೊಳ್ಳಿ. ದೊಡ್ಡ ಸ್ಥಾವರಗಳಿಗೆ ಇದು ಅತಿಶಯದ ಪ್ರಮಾಣವಲ್ಲ. ಗುಣಿಸಿದರೆ ದಿನಕ್ಕೆ ಒಂದು ಕಿಲೋಗ್ರಾಂ ಪಾದರಸವಾಯಿತು. ಜ್ವರದ ಕಡ್ಡಿಯಲ್ಲಿ ಸುಮಾರು ಒಂದು ಗ್ರಾಮಿನಷ್ಟು ಇರುತ್ತದೆ. ಎಂದರೆ ಆ ಸ್ಥಾವರದಲ್ಲಿ ಪ್ರತಿದಿನವೂ ಸಾವಿರ ಜ್ವರದ ಕಡ್ಡಿಗಳು ಒಡೆದ ಹಾಗೆ; ವರ್ಷಕ್ಕೆ 365 ಕಿಲೋ. ಕಣ್ಣಿಗೆ ಕಾಣದೆ, ಮೂಗಿಗೆ ವಾಸನೆ ಬಡಿಯದೆ ಇಷ್ಟೆಲ್ಲ ಬಂದು ಸೇರುತ್ತದೆ.

ಇದು ಕೇಡು ಎಂದು ಲೋಕಕ್ಕೆ ಮೊದಲು ತಿಳಿದದ್ದು ಮನುಷ್ಯರ ಆರೋಗ್ಯದಿಂದಲ್ಲ, ಯಂತ್ರದ ಮುರಿತದಿಂದ. ಅನಿಲವನ್ನು ಹಡಗಿನಲ್ಲಿ ಸಾಗಿಸಬೇಕಾದರೆ ಅದನ್ನು ಸೊನ್ನೆಗಿಂತ 162 ಡಿಗ್ರಿ ಕೆಳಗೆ ತಣಿಸಿ ದ್ರವಮಾಡುತ್ತಾರೆ. ಆಗ ಅದರ ಗಾತ್ರ ಸುಮಾರು ಆರುನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇಂಥ ತಣಿಸುವ ಯಂತ್ರಗಳನ್ನು ಹೆಚ್ಚಾಗಿ ಅಲ್ಯುಮಿನಿಯಮ್ಮಿನಿಂದ ಕಟ್ಟುತ್ತಾರೆ. ಅಲ್ಜೀರಿಯ ದೇಶದ ಸ್ಕಿಕ್ಡಾ ಎಂಬ ಬಂದರಿನ ಸ್ಥಾವರದಲ್ಲಿ 1973ರಲ್ಲಿ ಇಂಥ ಯಂತ್ರವೊಂದು ಬಿರುಕು ಬಿಟ್ಟು ಕೆಟ್ಟಿತು. ಪರೀಕ್ಷಿಸಿ ನೋಡಿದರೆ ಒಳಗೆ ಪಾದರಸ! ಅನಿಲದೊಡನೆ ಕಣಕಣವಾಗಿ ಬಂದದ್ದು ಅಲ್ಲಿ ಕೂಡಿನಿಂತಿತ್ತು.

ಅಲ್ಯುಮಿನಿಯಮ್ಮಿಗೂ ಪಾದರಸಕ್ಕೂ ಇರುವ ಹಗೆ ವಿಚಿತ್ರವಾದುದು. ನಮ್ಮ ಮನೆಯ ಅಲ್ಯುಮಿನಿಯಂ ಪಾತ್ರೆಯನ್ನು ಕಾಪಾಡುವುದು ಅದರ ಮೈಮೇಲೆ ತಾನಾಗಿಯೇ ಮೂಡುವ ತೆಳ್ಳನೆಯ ಆಕ್ಸೈಡಿನ ಪೊರೆ. ಎಲ್ಲಿಯಾದರೂ ಪೊರೆ ಹರಿದು ಪಾದರಸ ಲೋಹವನ್ನು ಮುಟ್ಟಿತೆಂದರೆ ಎರಡೂ ಕಲೆತುಹೋಗುತ್ತವೆ. ಮತ್ತೆ ಪೊರೆ ಗಟ್ಟಿಯಾಗಿ ಕೂಡುವುದಿಲ್ಲ. ತೇವವಿದ್ದರೆ ಲೋಹವು ಬಿಳಿಯ ಹಿಟ್ಟಾಗಿ ಉದುರುತ್ತದೆ. ತೇವವಿಲ್ಲದಿದ್ದರೂ ಬೆಸುಗೆಯ ಸುತ್ತ ಎಳೆತವಿರುವಲ್ಲಿ ಪಾದರಸವು ಲೋಹದ ಹರಳುಗಳ ನಡುವೆ ನುಗ್ಗಿ ಅದನ್ನು ಗಾಜಿನಂತೆ ಪೆಡಸುಮಾಡಿ ಸೀಳಿಬಿಡುತ್ತದೆ. ಪಾದರಸವು ಸೊನ್ನೆಗಿಂತ ಸುಮಾರು 39 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ಆದುದರಿಂದ ಯಂತ್ರವು ಕೊರೆಯುವ ಚಳಿಯಲ್ಲಿ ನಡೆಯುತ್ತಿರುವಾಗ ಅದು ಕಲ್ಲಿನಂತೆ ಸುಮ್ಮನೆ ಬಿದ್ದಿರುತ್ತದೆ. ದುರಸ್ತಿಗೆಂದು ಯಂತ್ರವನ್ನು ನಿಲ್ಲಿಸಿ ಬೆಚ್ಚಗಾಗಲು ಬಿಟ್ಟಾಗಲೇ ಕರಗಿ ಕೆಲಸಕ್ಕೆ ತೊಡಗುತ್ತದೆ. ಮಲಗಿದ ಹಾವು ಎಂದರೆ ಇದೇ.

ಸ್ಕಿಕ್ಡಾದ ಪಾಠ ಕಲಿತ ಮೇಲೆಯೂ ಹಾನಿ ಪೂರ್ತಿ ನಿಲ್ಲಲಿಲ್ಲ. ದಕ್ಷಿಣ ಆಸ್ಟ್ರೇಲಿಯದ ಮೂಂಬಾದಲ್ಲಿ 2004ರ ಜನವರಿ 1ರಂದು ಅನಿಲ ಶುದ್ಧಿಯ ಸ್ಥಾವರದಲ್ಲಿ ಸ್ಫೋಟವಾಯಿತು. ಅಲ್ಯುಮಿನಿಯಮ್ಮಿನ ತಣಿಸುವ ಯಂತ್ರಕ್ಕೆ ಅನಿಲ ಹೋಗುವ ಬಾಯಿಯನ್ನು ಪಾದರಸ ಸೀಳಿದ್ದೇ ಕಾರಣವೆಂದು ವಿಚಾರಣೆಯಲ್ಲಿ ಕಂಡುಬಂತು. ದೈವವಶಾತ್ ಪ್ರಾಣಹಾನಿಯಾಗಲಿಲ್ಲ. ಆದರೆ ದೂರದ ಪಟ್ಟಣಗಳಿಗೆ ಅನಿಲದ ಕೊರತೆಯಾಯಿತು.

ಇನ್ನು ಉಪಾಯದ ಮಾತು. ನಮ್ಮ ಹಳೆಯ ರಸವಾದಿಗಳು ಪಾದರಸವನ್ನು ಕಟ್ಟಲು ಗಂಧಕವನ್ನು ಹಿಡಿದರು. ಇಂದಿನ ಎಂಜಿನಿಯರರೂ ಅದನ್ನೇ ಹಿಡಿದಿದ್ದಾರೆ. ಇದ್ದಲನ್ನು ಚುರುಕುಗೊಳಿಸಿ, ಅದರ ಸೂಕ್ಷ್ಮ ರಂಧ್ರಗಳಲ್ಲಿ ಗಂಧಕವನ್ನು ತುಂಬಿ, ದೊಡ್ಡ ಉಕ್ಕಿನ ಗೋಪುರದಲ್ಲಿ ಹಾಸುತ್ತಾರೆ. ಅನಿಲವು ಆ ಹಾಸಿನ ಮೂಲಕ ಹಾಯುವಾಗ ಪಾದರಸವು ಗಂಧಕದೊಡನೆ ಕೂಡಿ ಅಲ್ಲಿಯೇ ಉಳಿಯುತ್ತದೆ. ಇದ್ದಲಿನ ಬದಲು ತಾಮ್ರದಂಥ ಲೋಹಗಳ ಗಂಧಕ ಸಂಯುಕ್ತವನ್ನು ಗುಳಿಗೆಮಾಡಿ ಹಾಸುವ ರೀತಿಯೂ ಉಂಟು. ಪಾದರಸವೂ ಗಂಧಕವೂ ಕೂಡಿ ಆಗುವ ವಸ್ತು ನೀರಿನಲ್ಲಿ ಕರಗುವುದಿಲ್ಲವೆಂದರೆ ನಡೆದೀತು. ಗಣಿಯಲ್ಲಿ ಸಿಗುವ ಕೆಂಪು ಇಂಗಳೀಕವೂ ಅದೇ ಜಾತಿಯದು. ದ್ರವ ಮಾಡಬೇಕಾದ ಅನಿಲದಲ್ಲಿ ಘನಮೀಟರಿಗೆ 0.01 ಮೈಕ್ರೋಗ್ರಾಮಿಗಿಂತ ಹೆಚ್ಚು ಪಾದರಸ ಉಳಿಯಬಾರದೆಂದು ಕಟ್ಟಳೆ. ನಮ್ಮ ಲೆಕ್ಕದ 100ಕ್ಕೆ ಹೋಲಿಸಿದರೆ ಹತ್ತು ಸಾವಿರದಲ್ಲಿ ಒಂದು ಪಾಲು. ಹಾಗೆಂದೇ ಹಡಗಿನಲ್ಲಿ ಬಂದಿಳಿದು ನಮ್ಮ ನಾಡಿನ ಕೊಳವೆಯಲ್ಲಿ ಹರಿಯುವ ಅನಿಲದ ಒಲೆಯ ಬಗ್ಗೆ ಗೃಹಿಣಿಯರು ಅಂಜಬೇಕಾಗಿಲ್ಲ. ಅದರ ಪಾದರಸವನ್ನು ಅದು ಹುಟ್ಟಿದ ದೇಶದಲ್ಲಿಯೇ ತೆಗೆದಿರುತ್ತಾರೆ.

ತೆಗೆದಿರುತ್ತಾರೆ, ಸರಿ. ತೆಗೆದದ್ದು ಎಲ್ಲಿ ಹೋಯಿತು? ಅಜ್ಜಿಯ ಪ್ರಶ್ನೆ ಇಲ್ಲಿ ಮತ್ತೆ ಬರುತ್ತದೆ.

ಈ ಗೋಪುರವನ್ನು ಸ್ಥಾವರದ ಯಾವ ಸ್ಥಳದಲ್ಲಿ ನಿಲ್ಲಿಸಬೇಕು ಎಂಬುದರಲ್ಲಿಯೇ ಈ ಪ್ರಶ್ನೆ ಅಡಗಿದೆ. ಬಾವಿಯಿಂದ ಬಂದ ಅನಿಲದಿಂದ ಮೊದಲು ನೀರನ್ನೂ ತೈಲವನ್ನೂ ಬೇರ್ಪಡಿಸುತ್ತಾರೆ; ಆಮೇಲೆ ಹುಳಿ ಅನಿಲಗಳನ್ನು ತೊಳೆಯುತ್ತಾರೆ; ಆಮೇಲೆ ತೇವವನ್ನು ಹೀರಿ ಒಣಗಿಸುತ್ತಾರೆ; ಕಡೆಗೆ ತಣಿಸುತ್ತಾರೆ. ಮೊದಮೊದಲು ಗೋಪುರವನ್ನು ಕಡೆಗೆ, ತಣಿಸುವ ಯಂತ್ರದ ಬಾಗಿಲಲ್ಲಿ ನಿಲ್ಲಿಸಿದರು. ಕಾಪಾಡಬೇಕಾದದ್ದು ಅಲ್ಯುಮಿನಿಯಂ ತಾನೆ? ಒಣಗಿದ ಅನಿಲವಾದುದರಿಂದ ಇದ್ದಲಿಗೂ ಅನುಕೂಲ. ಯಂತ್ರವೇನೋ ಉಳಿಯಿತು. ಆದರೆ ಅಷ್ಟರೊಳಗೆ ಪಾದರಸವು ತೊಳೆಯುವ ದ್ರಾವಣದಲ್ಲಿ ಒಂದಿಷ್ಟು, ಒಣಗಿಸುವ ಹಾಸಿನಲ್ಲಿ ಒಂದಿಷ್ಟು, ಬೇರ್ಪಟ್ಟ ತೈಲದಲ್ಲಿ ಒಂದಿಷ್ಟು, ನೀರಿನಲ್ಲಿ ಒಂದಿಷ್ಟು, ಉಕ್ಕಿನ ಕೊಳವೆಗಳ ಒಳಮೈಯಲ್ಲಿ ಒಂದಿಷ್ಟು ಹಂಚಿಹೋಗಿರುತ್ತಿತ್ತು. ದ್ರಾವಣವನ್ನು ಕಾಯಿಸಿದಾಗ ಗಾಳಿಗೂ ಹೋಗುತ್ತಿತ್ತು. ತರುವಾಯ ವಿವೇಕಿಗಳಾದ ಎಂಜಿನಿಯರರು ಗೋಪುರವನ್ನು ಮುಂಬಾಗಿಲಿಗೆ ತಂದರು. ಅಲ್ಲಿ ಅನಿಲ ಒದ್ದೆಯಾಗಿರುವುದರಿಂದ ಇದ್ದಲು ತಾಳುವುದಿಲ್ಲ, ಲೋಹದ ಗುಳಿಗೆಯೇ ಬೇಕು, ಗೋಪುರವೂ ದೊಡ್ಡದಾಗಬೇಕು, ಹಣವೂ ಹೆಚ್ಚು. ಆದರೆ ಅದರ ಹಿಂದಿನ ಇಡೀ ಸ್ಥಾವರ ಚೊಕ್ಕಟವಾಗಿ ಉಳಿಯುತ್ತದೆ. ಗೋಪುರ ಹಿಂಬಾಗಿಲಲ್ಲಿದ್ದರೆ ಯಂತ್ರಕ್ಕೆ ಕಾವಲು. ಮುಂಬಾಗಿಲಲ್ಲಿದ್ದರೆ ಮನುಷ್ಯನಿಗೂ ಕಾವಲು.

ಮನುಷ್ಯನೆಂದರೆ ಇಲ್ಲಿ ಮೊದಲು ನೆನೆಯಬೇಕಾದವನು ದುರಸ್ತಿಗೆ ಪೀಪಾಯಿಯೊಳಗೆ ಇಳಿಯುವ ಕೆಲಸಗಾರ. ಎಂಟು ಗಂಟೆಯ ದುಡಿಮೆಗೆ ಗಾಳಿಯ ಒಂದು ಘನಮೀಟರಿನಲ್ಲಿ 25 ಮೈಕ್ರೋಗ್ರಾಂ ಪಾದರಸವೇ ಮಿತಿಯೆಂದು ಔದ್ಯೋಗಿಕ ಆರೋಗ್ಯದ ತಜ್ಞರು ಹೇಳುತ್ತಾರೆ. ಮುಚ್ಚಿದ ಕೋಣೆಯಲ್ಲಿ 20 ಡಿಗ್ರಿ ಶಾಖದಲ್ಲಿ ಪಾದರಸ ಚೆಲ್ಲಿ ಬಿದ್ದಿದ್ದರೆ ಗಾಳಿಯು ಇದರ ಐನೂರು ಪಟ್ಟು ಹೊರಬಲ್ಲುದು. ನಮ್ಮ ಬಾಗಲಕೋಟೆಯ ಬೇಸಿಗೆಯಾದರೆ ಇನ್ನೂ ಹೆಚ್ಚು. ಪಾದರಸವನ್ನು ಹೀರಿಕೊಂಡ ಹಳೆಯ ಉಕ್ಕನ್ನು ಕತ್ತರಿಸಲು ಬೆಂಕಿ ಹಿಡಿದರೆ ಆವಿ ಮುಖಕ್ಕೇ ಏಳುತ್ತದೆ. ಈ ಆವಿ ಉಸಿರಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಮತ್ತು ಮೂತ್ರಪಿಂಡಕ್ಕೆ ಸೇರುತ್ತದೆ. ಕೈನಡುಕ, ನಿದ್ದೆಗೇಡು, ಮರೆವು, ಸಿಡುಕು — ಇವನ್ನು ಕಂಡು ಮನೆಯವರು ಸ್ವಭಾವ ಕೆಟ್ಟಿತೆಂದು ಬೈಯುವುದುಂಟು, ಕೆಟ್ಟದ್ದು ಗಾಳಿ. ಆದುದರಿಂದಲೇ ಒಳ್ಳೆಯ ಸ್ಥಾವರಗಳಲ್ಲಿ ಒಳಗಿಳಿಯುವ ಮುನ್ನ ಆವಿಯನ್ನು ಅಳೆಯುತ್ತಾರೆ, ಪಾದರಸ ಹೀರುವ ಮುಖವಾಡ ಕೊಡುತ್ತಾರೆ, ಆಗಾಗ ಮೂತ್ರ ಪರೀಕ್ಷೆ ಮಾಡಿಸುತ್ತಾರೆ, ಕೆಲಸದ ಬಟ್ಟೆಯನ್ನು ಮನೆಗೆ ಒಯ್ಯಗೊಡುವುದಿಲ್ಲ. ಬಂಗಾರದ ಉಂಗುರವನ್ನೂ ತೆಗೆದಿಡಿಸುತ್ತಾರೆ, ಏಕೆಂದರೆ ಪಾದರಸ ತಗುಲಿದ ಬಂಗಾರ ಬೆಳ್ಳಗಾಗುತ್ತದೆ.

ಕಡೆಗೆ ತುಂಬಿಹೋದ ಹಾಸು. ಕೆಲವು ವರ್ಷಗಳಲ್ಲಿ ಗುಳಿಗೆಗಳ ಶಕ್ತಿ ಮುಗಿಯುತ್ತದೆ. ಆಗ ಅವನ್ನು ತೆಗೆದು ಹೊಸದನ್ನು ತುಂಬಬೇಕು. ತೆಗೆದದ್ದನ್ನು ಮುಚ್ಚಿದ ಕುಲುಮೆಯಲ್ಲಿ ಕಾಯಿಸಿ ಪಾದರಸವನ್ನು ಬಟ್ಟಿಯಿಳಿಸಿಕೊಳ್ಳಬಹುದು. ಇಲ್ಲವೆ ಗಂಧಕದೊಡನೆ ಭದ್ರವಾಗಿ ಕಟ್ಟಿ, ನೀರು ಸೋಕದ ಆಳದ ಉಗ್ರಾಣದಲ್ಲಿ ಇಡಬಹುದು. ಊರ ಹೊರಗಿನ ತಗ್ಗಿನಲ್ಲಿ ಚೆಲ್ಲಿದರೆ ಮಾತ್ರ ಇಷ್ಟೆಲ್ಲ ಸಾಹಸ ವ್ಯರ್ಥ. ಆಗ ನಾವು ಮಾಡಿದ್ದು ಅಲ್ಜೀರಿಯದ ಯಂತ್ರದಿಂದ ಪಾದರಸವನ್ನು ತೆಗೆದು ಯಾರದೋ ಬಾವಿಗೆ ಹಾಕಿದಂತೆಯೇ.

ಇದು ದೂರದ ದೇಶದ ಕತೆಯಷ್ಟೇ ಎಂದು ತಿಳಿಯಬೇಡಿ. ನಮ್ಮ ಕಾರವಾರದ ಮಗ್ಗುಲಲ್ಲಿ ಬಿಣಗ ಎಂಬ ಊರಿದೆ. ಅಲ್ಲಿಯ ಕಾಸ್ಟಿಕ್ ಸೋಡ ಕಾರ್ಖಾನೆಯಲ್ಲಿ ಹಿಂದೆ ಪಾದರಸದ ತೊಟ್ಟಿಗಳಿದ್ದವು. ಉಪ್ಪುನೀರಿಗೆ ವಿದ್ಯುತ್ತನ್ನು ಹಾಯಿಸಿದಾಗ ಸೋಡಿಯಂ ಬಂದು ಹರಿಯುವ ಪಾದರಸದಲ್ಲಿ ಕರಗುತ್ತದೆ. ಆ ಪಾದರಸವನ್ನು ನೀರಿನಿಂದ ತೊಳೆದರೆ ಸಾಬೂನಿಗೂ ಕಾಗದಕ್ಕೂ ಬಟ್ಟೆಗೂ ಬೇಕಾದ ಕಾಸ್ಟಿಕ್ ಸೋಡ ಸಿಗುತ್ತದೆ. ಈ ಪದ್ಧತಿಯಲ್ಲಿ ಪಾದರಸವು ಖರ್ಚಾಗುವ ಸಾಮಾನಲ್ಲ. ಸುತ್ತಿ ಸುತ್ತಿ ಬರುವ ಆಳು. ಆದರೂ ಇಂಥ ಕಾರ್ಖಾನೆಗಳು ವರ್ಷವರ್ಷವೂ ಹೊಸ ಪಾದರಸವನ್ನು ಕೊಂಡು ತುಂಬಬೇಕಾಗುತ್ತಿತ್ತು. ಖರ್ಚಾಗದ ವಸ್ತು ಕಡಿಮೆಯಾದದ್ದು ಹೇಗೆ? ಗಾಳಿಗೆ, ರಾಡಿಗೆ, ನೀರಿಗೆ ಹೋಗಿ. ಕೊಂಡ ಲೆಕ್ಕವೇ ಕಳೆದ ಲೆಕ್ಕ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾಲಯದ ವಿಜ್ಞಾನಿಗಳು ಕಾರವಾರದ ಆ ಕಾರ್ಖಾನೆಯ ಬಳಿಯ ಕಡಲಿನ ಸಸ್ಯಗಳಲ್ಲಿಯೂ ಜೀವಿಗಳಲ್ಲಿಯೂ ಲೋಹಗಳು ಕೂಡಿಕೊಳ್ಳುವ ಬಗೆಯನ್ನು ಪರೀಕ್ಷಿಸಿ 1990ರಲ್ಲಿ ಲೇಖನವನ್ನು ಪ್ರಕಟಿಸಿದರು. ಕಾರ್ಖಾನೆಯ ಹೊತ್ತಿಗೆಯಲ್ಲಿ ಬರೆಯದ ಲೆಕ್ಕವನ್ನು ಕಡಲಿನ ಚಿಪ್ಪುಜೀವಿಗಳು ಮೈಯಲ್ಲಿ ಬರೆದುಕೊಳ್ಳುತ್ತವೆ. ಮುಂದೆ ಆ ಕಾರ್ಖಾನೆ ಪಾದರಸದ ತೊಟ್ಟಿಗಳನ್ನು ಬಿಟ್ಟಿತು. ದೇಶದ ಬೇರೆ ಕಾಸ್ಟಿಕ್ ಸೋಡ ಕಾರ್ಖಾನೆಗಳೂ ಒಂದೊಂದಾಗಿ ಪೊರೆಯ ಪದ್ಧತಿಗೆ ತಿರುಗಿದವು. ಇದು ಸಂತೋಷದ ಮಾತು.

ಪಾದರಸವು ನೀರಿನ ತಳದ ಕೆಸರನ್ನು ಸೇರಿತೆಂದರೆ ಅಲ್ಲಿಯ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವೆಂಬ ಘೋರ ವಿಷವಾಗಿ ಮಾರ್ಪಡಿಸಬಲ್ಲವು. ಅದು ಹುಳದಿಂದ ಸಣ್ಣ ಮೀನಿಗೆ, ಸಣ್ಣದರಿಂದ ದೊಡ್ಡದಕ್ಕೆ ಏರುತ್ತ ಸಾಂದ್ರವಾಗುತ್ತದೆ. ಜಪಾನಿನ ಮಿನಾಮಾಟ ಕೊಲ್ಲಿಯ ಜನ ಹಾಗೆ ಮೀನು ತಿಂದು ನರಳಿದರು. ತಾಯಂದಿರ ಗರ್ಭದಲ್ಲಿದ್ದ ಕೂಸುಗಳನ್ನೂ ಆ ವಿಷ ಬಿಡಲಿಲ್ಲ. ಅಲ್ಲಿ ವಿಷವು ಕಾರ್ಖಾನೆಯಿಂದಲೇ ಮೀಥೈಲ್ ಪಾದರಸವಾಗಿ ಹೊರಬಿದ್ದಿತ್ತು. ರೋಗ 1956ರಲ್ಲಿ ಗೊತ್ತಾಯಿತು. ಕಾರಣವನ್ನು ಸರಕಾರ ಒಪ್ಪಿಕೊಂಡದ್ದು 1968ರಲ್ಲಿ. ಆ ಊರಿನ ಹೆಸರಿನಲ್ಲಿಯೇ 2013ರಲ್ಲಿ ರಾಷ್ಟ್ರಗಳೆಲ್ಲ ಸೇರಿ ಪಾದರಸದ ಒಪ್ಪಂದವನ್ನು ಮಾಡಿಕೊಂಡವು. ಅದು 2017ರಲ್ಲಿ ಜಾರಿಗೆ ಬಂತು. ಭಾರತವು 2018ರಲ್ಲಿ ಅನುಮೋದಿಸಿತು. ಗಾಳಿಗೆ ಹೋಗುವ ಪಾದರಸವನ್ನು ತಡೆಯಬೇಕಾದ ಉದ್ಯಮಗಳ ಪಟ್ಟಿ ಒಪ್ಪಂದದಲ್ಲಿದೆ. ಕಲ್ಲಿದ್ದಲಿನ ವಿದ್ಯುತ್ ಕೇಂದ್ರಗಳೂ, ಬಾಗಲಕೋಟೆಯ ಜನರು ಚೆನ್ನಾಗಿ ಬಲ್ಲ ಸಿಮೆಂಟ್ ಉದ್ಯಮವೂ ಅದರಲ್ಲಿವೆ. ನೈಸರ್ಗಿಕ ಅನಿಲದ ಸ್ಥಾವರಗಳ ಹೆಸರು ಆ ಪಟ್ಟಿಯಲ್ಲಿಲ್ಲ. ಪಾದರಸದ ಕಸವನ್ನು ಜೋಪಾನಮಾಡಬೇಕೆಂಬ ವಿಧಿಯೇನೋ ಒಪ್ಪಂದದಲ್ಲಿದೆ. ಆದರೆ ಗಾಳಿಯ ಲೆಕ್ಕವನ್ನು ಆಯಾ ದೇಶದ ಕಾನೂನಿಗೂ ಸ್ಥಾವರದವರ ಪ್ರಾಮಾಣಿಕತೆಗೂ ಬಿಟ್ಟಂತಾಯಿತು. ಆದುದರಿಂದ ಪ್ರತಿಯೊಂದು ಸ್ಥಾವರವೂ ಒಳಗೆ ಬಂದದ್ದೆಷ್ಟು, ಗುಳಿಗೆಯಲ್ಲಿ ಸಿಕ್ಕದ್ದೆಷ್ಟು, ನೀರು ತೈಲಗಳಲ್ಲಿ ಹೋದದ್ದೆಷ್ಟು ಎಂದು ಜಮಾ ಖರ್ಚು ಬರೆಯಬೇಕು. ಎರಡು ಬದಿಗಳೂ ತಾಳೆಯಾಗದಿದ್ದರೆ ಉಳಿದದ್ದನ್ನು ಹುಡುಕಬೇಕು. ನಮ್ಮ ಊರಿನ ಅಡತಿಯ ಗುಮಾಸ್ತನು ಒಂದು ರೂಪಾಯಿ ತಪ್ಪಿದರೂ ರಾತ್ರಿ ಮನೆಗೆ ಹೋಗುವುದಿಲ್ಲ. ಪಾದರಸಕ್ಕೂ ಅಂಥ ಗುಮಾಸ್ತರು ಬೇಕು.

ನಮ್ಮ ನಿಮ್ಮ ಮನೆಗಳಲ್ಲಿಯೂ ಸ್ವಲ್ಪ ಲೆಕ್ಕವಿದೆ. ಹಳೆಯ ಜ್ವರದ ಕಡ್ಡಿ, ರಕ್ತದೊತ್ತಡ ನೋಡುವ ಹಳೆಯ ಪೆಟ್ಟಿಗೆ, ಕೊಳವೆ ದೀಪ — ಇವುಗಳಲ್ಲಿ ಪಾದರಸವಿದೆ. ಕಡ್ಡಿ ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ ಕಿಟಕಿಗಳನ್ನು ತೆರೆಯಿರಿ. ಕಸಬರಿಗೆಯನ್ನಾಗಲಿ ಧೂಳೆಳೆಯುವ ಯಂತ್ರವನ್ನಾಗಲಿ ತರಬೇಡಿ. ಅವು ಮಣಿಗಳನ್ನು ಪುಡಿಮಾಡಿ ಹರಡುತ್ತವೆ. ಕೈಯ ಬಂಗಾರವನ್ನು ತೆಗೆದಿಟ್ಟು, ದಪ್ಪ ಕಾಗದದ ಅಂಚಿನಿಂದ ಮಣಿಗಳನ್ನು ಒಂದೆಡೆಗೆ ಕೂಡಿಸಿ, ಬಿಗಿಯಾದ ಮುಚ್ಚಳದ ಸೀಸೆಯಲ್ಲಿ ತುಂಬಿರಿ. ಸಣ್ಣ ಚೂರುಗಳನ್ನು ಅಂಟುಪಟ್ಟಿಯಿಂದ ಒತ್ತಿ ತೆಗೆಯಿರಿ. ಬಚ್ಚಲಿಗೆ ಸುರಿಯಬೇಡಿ, ಒಲೆಗೆ ಹಾಕಬೇಡಿ. ಸೀಸೆಯನ್ನು ಅಡಿಗೆಯ ಕಸದೊಡನೆ ಕೂಡಿಸದೆ ಅಪಾಯದ ಕಸವೆಂದು ಹೇಳಿ ಬೇರೆಯಾಗಿ ಕೊಡಿರಿ. ಹೊಸದನ್ನು ಕೊಳ್ಳುವಾಗ ಪಾದರಸವಿಲ್ಲದ ಉಪಕರಣವನ್ನೇ ಕೊಳ್ಳಿರಿ.

ನಮ್ಮ ಹಳೆಯ ಮನೆಯ ಮೇಲೆ ಈಗ ಹಿನ್ನೀರು ನಿಂತಿದೆ. ಸಂಜೆ ವಿದ್ಯಾಗಿರಿಯ ಕಡೆಯಿಂದ ಆ ನೀರನ್ನು ನೋಡುವಾಗ ಒಮ್ಮೊಮ್ಮೆ ನನಗೆ ಆ ಮಣಿಯ ನೆನಪಾಗುತ್ತದೆ. ಒಂದು ಮಣಿಯಿಂದ ಹೊಳೆ ಕೆಡಲಿಕ್ಕಿಲ್ಲ. ಆದರೆ ದಿನಕ್ಕೆ ಸಾವಿರ ಕಡ್ಡಿ ಒಡೆಯುವ ಮನೆಗಳು ಲೋಕದಲ್ಲಿ ಇವೆಯಲ್ಲ! ಅಂಥ ಮನೆಯ ಯಜಮಾನರು ನಮ್ಮ ಅನಿಲ ಶುದ್ಧವಾಗಿದೆ ಎಂದು ಹೇಳಿದಾಗ ನಾವು ಸಂತೋಷಪಡೋಣ. ಸಂತೋಷಪಟ್ಟು, ಅದರ ಜೊತೆಗೆ ಅಜ್ಜಿಯ ಪ್ರಶ್ನೆಯನ್ನೂ ಮರೆಯದೆ ಕೇಳೋಣ: ತೆಗೆದದ್ದು ಎಲ್ಲಿ ಹೋಯಿತು?